ಚಂದ್ರನ ಚಿತ್ರ ಚಂದ್ರನ ಬೆಳಕಿನಿಂದಲೇ ಆಗಲಿ



ಈಚಿನ ವರ್ಷಗಳಲ್ಲಿ ಹುಣ್ಣಿಮೆ ಬಂತೆಂದರೆ ನನ್ನ ಮೊಬೈಲಿಗೆ ಚಂದ್ರನ ಚಿತ್ರಗಳು ಸಾಲುಸಾಲಾಗಿ ಬಂದು ಸೇರುತ್ತವೆ. ಬೆಂಗಳೂರಿನ ಮಹಡಿಗಳಿಂದ, ಊರಿನ ಅಂಗಳಗಳಿಂದ, ಕಡಲಾಚೆಯ ದೇಶಗಳಿಂದ ನೀವು ಅವನ್ನು ಕಳುಹಿಸುತ್ತೀರಿ. ಹಳೆಯ ಮೇಷ್ಟ್ರನ್ನು ನೆನೆದು ಕಳುಹಿಸುವ ಆ ಪ್ರೀತಿ ದೊಡ್ಡದು. ಆದರೆ ಈ ಚಿತ್ರಗಳಲ್ಲಿ ಎರಡು ಬಗೆಗಳಿರುವುದನ್ನು ನಾನು ಗಮನಿಸುತ್ತ ಬಂದಿದ್ದೇನೆ. ಮೊದಲನೆಯ ಬಗೆಯವು ಬರಿಯ ಮೊಬೈಲಿನಿಂದ ತೆಗೆದವು. ಕುಳಿಗಳೂ ಕಿರಣರೇಖೆಗಳೂ ಕೆತ್ತಿಟ್ಟಂತೆ ಸ್ಫುಟವಾಗಿರುತ್ತವೆ. ಎರಡನೆಯ ಬಗೆಯವು ಒಂದು ಸಣ್ಣ ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ತೆಗೆದ ಅರ್ಧ ನಿಮಿಷದ ವಿಡಿಯೋಗಳು. ಬಿಂಬ ನೀರೊಳಗಿನ ತಟ್ಟೆಯಂತೆ ನಡುಗುತ್ತಿರುತ್ತದೆ, ಅಂಚು ಕುದಿಯುತ್ತಿರುತ್ತದೆ, ಕೆಲವೊಮ್ಮೆ ಚಂದ್ರ ಮೆಲ್ಲನೆ ಸರಿದು ಪರದೆಯಿಂದಲೇ ಹೊರಟುಹೋಗುತ್ತಾನೆ. ಕಳುಹಿಸಿದವರು "ಚೆನ್ನಾಗಿ ಬಂದಿಲ್ಲ ಸರ್, ಕ್ಷಮಿಸಿ" ಎಂದು ಕೆಳಗೆ ಬರೆದಿರುತ್ತಾರೆ. ಕ್ಷಮೆ ಕೇಳುವ ಅಗತ್ಯವೇ ಇಲ್ಲವೆಂದೂ, ಈ ಎರಡನೆಯ ಬಗೆಯೇ ಶ್ರೇಷ್ಠವೆಂದೂ ಹೇಳುವುದಕ್ಕಾಗಿ ಈ ಲೇಖನ.

2023ರ ಮಾರ್ಚ್ ತಿಂಗಳಲ್ಲಿ ನಡೆದ ಒಂದು ಪ್ರಸಂಗವನ್ನು ನಿಮ್ಮಲ್ಲಿ ಕೆಲವರು ಓದಿರಬಹುದು. ಒಬ್ಬ ಬಳಕೆದಾರ ಚಂದ್ರನ ಚಿತ್ರವೊಂದನ್ನು ಬೇಕೆಂದೇ ಮಸುಕುಗೊಳಿಸಿ, ಅದರಲ್ಲಿ ಯಾವ ವಿವರವೂ ಉಳಿಯದಂತೆ ಮಾಡಿ, ಕಂಪ್ಯೂಟರ್ ಪರದೆಯ ಮೇಲಿಟ್ಟು, ಕತ್ತಲ ಕೋಣೆಯ ಇನ್ನೊಂದು ತುದಿಯಿಂದ ಪ್ರಸಿದ್ಧ ಸಂಸ್ಥೆಯೊಂದರ ದುಬಾರಿ ಮೊಬೈಲಿನಲ್ಲಿ ಸೆರೆಹಿಡಿದ. ಮೊಬೈಲು ಕೊಟ್ಟ ಚಿತ್ರದಲ್ಲಿ ಮೂಲದಲ್ಲಿ ಇಲ್ಲದ ಕುಳಿಗಳು ಮೂಡಿದ್ದವು! ಚಂದ್ರನನ್ನು ಗುರುತಿಸಿ ಅದರ ವಿವರಗಳನ್ನು ಹೆಚ್ಚಿಸುವ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ ಆ ಮೊಬೈಲಿನಲ್ಲಿರುವುದೆಂದು ಸಂಸ್ಥೆಯೂ ವಿವರಣೆ ನೀಡಿತು. ಬೇಡವೆಂದರೆ ಆ ವ್ಯವಸ್ಥೆಯನ್ನು ಆರಿಸಿಡುವ ಅವಕಾಶವಿತ್ತೆಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು. ಆದರೆ ಹಾಗೆ ಆರಿಸಿಡುವವರು ಎಷ್ಟು ಮಂದಿ?

ಪ್ರಯೋಗಶಾಲೆಯಲ್ಲಿ ಸರಳ ಲೋಲಕದ ಪ್ರಯೋಗ ಮಾಡಿದವರಿಗೆಲ್ಲ ಇದು ಪರಿಚಿತ ಸಂಗತಿಯೇ. ಗುರುತ್ವ ವೇಗೋತ್ಕರ್ಷದ ಬೆಲೆ 9.8 ಬರಬೇಕೆಂದು ಪುಸ್ತಕದಲ್ಲಿ ಅಚ್ಚಾಗಿರುತ್ತದೆ. ಬುದ್ಧಿವಂತ ವಿದ್ಯಾರ್ಥಿಯೊಬ್ಬ ದಾರಕ್ಕೆ ಗುಂಡು ಕಟ್ಟುವ ಮೊದಲೇ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ, ಅಂಕಿಗಳನ್ನು ತುಂಬಿಸಿ, ಅಂದವಾದ ಕೋಷ್ಟಕ ಬರೆದು ತರುತ್ತಾನೆ. ಮತ್ತೊಬ್ಬಳು ಮುಕ್ಕಾಲು ಗಂಟೆ ಬೆವರು ಸುರಿಸಿ 9.5 ತರುತ್ತಾಳೆ. ಯಾರ ಪುಸ್ತಕ ನಿಜವಾದ ಪ್ರಯೋಗದ ಪುಸ್ತಕ? ಮೊದಲಿನವನದು ಸುಳ್ಳೆನ್ನುವಂತಿಲ್ಲ, 9.8 ಸರಿಯಾದ ಬೆಲೆಯೇ. ಆದರೆ ಅದು ಅವನ ಲೋಲಕ ಹೇಳಿದ ಬೆಲೆಯಲ್ಲ. ಮೊಬೈಲು ತಾನೇ ವಿವರ ತುಂಬಿ ಕೊಡುವ ಚಂದ್ರನೂ ಹಾಗೆಯೇ: ಉತ್ತರ ನೋಡಿ ಬರೆದ ಪ್ರಯೋಗ. ನಡುಗುವ ವಿಡಿಯೋವಾದರೋ 9.5 ತಂದ ಹುಡುಗಿಯ ಪುಸ್ತಕ.

ಇಷ್ಟಕ್ಕೆ ನಿಲ್ಲಿಸಿದರೆ ನಾನು ಪ್ರಾಮಾಣಿಕತೆಯ ಉಪದೇಶ ಮಾಡಿದಂತಾಗುತ್ತದೆಯೇ ಹೊರತು ಬೇರೇನಲ್ಲ. ನನ್ನ ವಾದ ಅದಕ್ಕಿಂತ ಮುಂದಿನದು. ದೂರದರ್ಶಕಕ್ಕೆ ವಿಡಿಯೋ ಕ್ಯಾಮೆರಾ ಜೋಡಿಸುವ ವಿಧಾನ ಪ್ರಾಮಾಣಿಕವಷ್ಟೇ ಅಲ್ಲ, ಫಲದಲ್ಲಿಯೂ ಉತ್ತಮವಾದುದು. ತಾಳ್ಮೆಯಿಂದ ಸಂಸ್ಕರಿಸಿದರೆ ಆ ನಡುಗುವ ಅರ್ಧ ನಿಮಿಷದೊಳಗಿನಿಂದಲೇ ಬೆರಗುಗೊಳಿಸುವಷ್ಟು ಸ್ಫುಟವಾದ ಚಂದ್ರ ಹೊರಬರುತ್ತಾನೆ. ಅವನಲ್ಲಿನ ಪ್ರತಿ ಕಣವೂ ಆ ರಾತ್ರಿ ಚಂದ್ರನಿಂದ ಹೊರಟು ಬಂದ ಬೆಳಕೇ ಆಗಿರುತ್ತದೆ. ಅದು ಹೇಗೆಂಬುದನ್ನು ತುಸು ವಿವರವಾಗಿಯೇ ನೋಡೋಣ.

ಚಂದ್ರ ನಮ್ಮಿಂದ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿದ್ದಾನೆ. ಅವನ ವ್ಯಾಸ 3,474 ಕಿಲೋಮೀಟರ್. ಆಕಾಶದಲ್ಲಿ ಅವನು ಆಕ್ರಮಿಸುವುದು ಸುಮಾರು ಅರ್ಧ ಡಿಗ್ರಿ ಮಾತ್ರ. ಒಂದು ಡಿಗ್ರಿಯನ್ನು 3,600 ಭಾಗ ಮಾಡಿದರೆ ದೊರೆಯುವ ಒಂದು ಭಾಗವನ್ನು ನಮ್ಮ ಹಿಂದಿನ ಗಣಿತಜ್ಞರು ವಿಕಲೆ ಎಂದು ಕರೆದರು. ಚಂದ್ರನ ಮೇಲೆ ಒಂದು ವಿಕಲೆ ಎಂದರೆ ಹೆಚ್ಚುಕಡಿಮೆ 1.9 ಕಿಲೋಮೀಟರ್. 150 ಮಿಲಿಮೀಟರ್ ಕನ್ನಡಿಯ ದೂರದರ್ಶಕಕ್ಕೆ ಮುಕ್ಕಾಲು ವಿಕಲೆಯಷ್ಟು ಸೂಕ್ಷ್ಮವನ್ನು ಬೇರ್ಪಡಿಸಿ ತೋರಿಸುವ ಶಕ್ತಿಯಿದೆ. ಅಂದರೆ ಚಂದ್ರನ ಮೇಲಿನ ಸುಮಾರು ಒಂದೂವರೆ ಕಿಲೋಮೀಟರ್. ಶಾಲೆಯೊಂದರ ಅಂಗಳದಲ್ಲಿ ನಿಲ್ಲಿಸಬಹುದಾದ ಉಪಕರಣಕ್ಕೆ ಇದೇನು ಸಣ್ಣ ಶಕ್ತಿಯೇ?

ಆದರೆ ನಡುವೆ ವಾಯುಮಂಡಲವಿದೆ. ಬಿಸಿಯಾದ ಗಾಳಿ, ತಣ್ಣನೆಯ ಗಾಳಿ ಪದರ ಪದರವಾಗಿ ಒಂದರೊಳಗೊಂದು ಸುಳಿಯುತ್ತಿರುತ್ತವೆ. ಪ್ರತಿ ಪದರವೂ ಬೆಳಕನ್ನು ಒಂದಿಷ್ಟು ಬಾಗಿಸುತ್ತದೆ. ನಕ್ಷತ್ರಗಳು ಮಿನುಗುವುದು ಇದರಿಂದಲೇ. ಹರಿಯುವ ತಿಳಿನೀರಿನ ತಳದಲ್ಲಿರುವ ಕಲ್ಲನ್ನು ಮೇಲಿನಿಂದ ನೋಡಿದಾಗ ಅದು ಅಲುಗಾಡುವಂತೆ ಕಾಣುವುದಿಲ್ಲವೇ, ಹಾಗೆ. ಸಾಮಾನ್ಯ ರಾತ್ರಿಗಳಲ್ಲಿ ಈ ಅಲುಗಾಟ ಎರಡು ವಿಕಲೆಯಷ್ಟಿರುತ್ತದೆ. ದೂರದರ್ಶಕದ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಗಾಳಿಯಲ್ಲೇ ಹೋಯಿತು!

ಒಂದು ಸಮಾಧಾನವೆಂದರೆ, ಗಾಳಿ ಎಲ್ಲ ಕ್ಷಣಗಳಲ್ಲಿಯೂ ಒಂದೇ ಸಮನಾಗಿ ಕದಡಿರುವುದಿಲ್ಲ. ಆಗೊಮ್ಮೆ ಈಗೊಮ್ಮೆ, ಸೆಕೆಂಡಿನ ಒಂದು ಸಣ್ಣ ಭಾಗದ ಮಟ್ಟಿಗೆ, ಬಿಂಬ ಥಟ್ಟನೆ ನಿಶ್ಚಲವಾಗಿ ನಿಲ್ಲುತ್ತದೆ. ದೂರದರ್ಶಕದಲ್ಲಿ ಕಣ್ಣಿಟ್ಟು ಬಹಳ ಹೊತ್ತು ಕುಳಿತವರಿಗೆ ಈ ಕ್ಷಣಗಳ ಪರಿಚಯವಿರುತ್ತದೆ. ಪ್ಲೇಟೋ ಎಂಬ ಕುಳಿಯನ್ನೇ ತೆಗೆದುಕೊಳ್ಳಿ. ಸುಮಾರು 100 ಕಿಲೋಮೀಟರ್ ಅಗಲದ ಅದರ ನೆಲ ಕಪ್ಪಾಗಿ, ಸಾರಿಸಿದಂತೆ ನುಣುಪಾಗಿ ಕಾಣುತ್ತದೆ. ಆ ನೆಲದ ಮೇಲೆ ಪುಟ್ಟ ಪುಟ್ಟ ಕುಳಿಗಳಿವೆ. ಅವುಗಳಲ್ಲಿ ಅತಿ ದೊಡ್ಡವೂ ಎರಡು ಮೂರು ಕಿಲೋಮೀಟರಿಗಿಂತ ಹೆಚ್ಚಿಲ್ಲ. ಗಾಳಿ ನಿಂತ ಕ್ಷಣದಲ್ಲಿ ಅವು ಸಾಸಿವೆ ಚೆಲ್ಲಿದಂತೆ ಹೊಳೆದು, ಎಣಿಸುವಷ್ಟರಲ್ಲಿ ಮಾಯವಾಗುತ್ತವೆ.

ಚಂದ್ರಚಿತ್ರಣದ ಇತಿಹಾಸವೆಂದರೆ ಈ ಕ್ಷಣಗಳನ್ನು ಹಿಡಿಯುವ ಇತಿಹಾಸವೆಂದೇ ನಾನು ತಿಳಿದಿದ್ದೇನೆ. 1609ರಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್, ಇಟಲಿಯ ಗೆಲಿಲಿಯೋ ದೂರದರ್ಶಕದಲ್ಲಿ ಚಂದ್ರನನ್ನು ಕಂಡು ಕೈಯಿಂದ ಚಿತ್ರ ಬರೆದರು. 1840ರಲ್ಲಿ ನ್ಯೂಯಾರ್ಕಿನ ಜಾನ್ ವಿಲಿಯಂ ಡ್ರೇಪರ್ ಚಂದ್ರನ ಛಾಯಾಚಿತ್ರ ತೆಗೆದ. ಛಾಯಾಚಿತ್ರ ಬಂದ ಮೇಲೆ ಕೈಬರಹದ ಕಾಲ ಮುಗಿಯಬೇಕಿತ್ತು, ಅಲ್ಲವೇ? ಮುಗಿಯಲಿಲ್ಲ. ಛಾಯಾಫಲಕಕ್ಕೆ ಬೆಳಕು ಸಾಲುವವರೆಗೂ ಕ್ಯಾಮೆರಾದ ಬಾಯಿ ತೆರೆದಿರಬೇಕಾಗಿತ್ತು. ಅಷ್ಟರಲ್ಲಿ ಬಿಂಬ ಹತ್ತಾರು ಸಲ ನಡುಗಿ, ಒಳ್ಳೆಯ ಕ್ಷಣವೂ ಕೆಟ್ಟ ಕ್ಷಣವೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತಿದ್ದವು. ಕಣ್ಣಾದರೋ ಒಳ್ಳೆಯ ಕ್ಷಣವನ್ನು ಮಾತ್ರ ಆಯ್ದು ಮನಸ್ಸಿಗೆ ಒಪ್ಪಿಸುತ್ತಿತ್ತು. ಆದ್ದರಿಂದಲೇ ಒಂದೇ ದೂರದರ್ಶಕದಲ್ಲಿ ಕಣ್ಣು ಕಂಡಷ್ಟನ್ನು ಛಾಯಾಚಿತ್ರ ಕಾಣದೆ, ನುರಿತ ವೀಕ್ಷಕರು ಇಪ್ಪತ್ತನೆಯ ಶತಮಾನದಲ್ಲಿಯೂ ಪೆನ್ಸಿಲು ಹಿಡಿದೇ ಕುಳಿತಿದ್ದರು.

ಈ ಕಣ್ಣಿನ ಗುಣವನ್ನು ಯಂತ್ರಕ್ಕೆ ತಂದುಕೊಟ್ಟದ್ದು ವಿಡಿಯೋ. ಸೆಕೆಂಡಿಗೆ 25 ಅಥವಾ 30 ಬಿಡಿಚಿತ್ರಗಳು. ಫ್ರೇಮುಗಳೆಂದು ಅವನ್ನು ಕರೆಯುತ್ತಾರೆ. ಒಂದೊಂದು ಫ್ರೇಮೂ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಿರುಸಮಯದ್ದಾಗಿದ್ದರೆ ಗಾಳಿಯ ಅಲುಗಾಟ ಅದರಲ್ಲಿ ಹೆಪ್ಪುಗಟ್ಟಿ ನಿಂತುಬಿಡುತ್ತದೆ. ಹಲವು ಫ್ರೇಮುಗಳು ಕೆಟ್ಟಿರುತ್ತವೆ, ಕೆಲವು ಅದೃಷ್ಟವಶಾತ್ ಚೆನ್ನಾಗಿರುತ್ತವೆ. ಹೀಗೆ ಒಳ್ಳೆಯ ಚಿತ್ರ ಸಿಗುವ ಸಂಭಾವ್ಯತೆ ಎಷ್ಟೆಂಬುದನ್ನು 1978ರಲ್ಲಿ ಅಮೆರಿಕದ ಡೇವಿಡ್ ಫ್ರೀಡ್ ಗಣಿತದ ಮೂಲಕ ತೋರಿಸಿಕೊಟ್ಟ. ಈ ವಿಧಾನಕ್ಕೆ 'ಲಕ್ಕಿ ಇಮೇಜಿಂಗ್' ಎಂಬ ಹೆಸರೇ ಬಂದಿದೆ.

ಸಾಮಾನ್ಯರ ಕೈಗೆ ಇದು ಎಟುಕಿದ್ದು ಈ ಶತಮಾನದ ಆರಂಭದಲ್ಲಿ. ದೂರದ ನೆಂಟರೊಡನೆ ಮುಖ ನೋಡಿ ಮಾತನಾಡಲೆಂದು ಕಂಪ್ಯೂಟರಿಗೆ ಸಿಕ್ಕಿಸುತ್ತಿದ್ದ ಪುಟ್ಟ ವೆಬ್‌ಕ್ಯಾಮುಗಳ ಮಸೂರವನ್ನು ತಿರುಚಿ ತೆಗೆದು, ಅದನ್ನೇ ದೂರದರ್ಶಕದ ಹಿಂಬದಿಗೆ ಕೂರಿಸಿದವರು ಹವ್ಯಾಸಿಗಳು. ಮದುವೆ ಮುಂಜಿಗಳಲ್ಲಿ ಬಳಸುವ ಹ್ಯಾಂಡಿಕ್ಯಾಮನ್ನು ದೂರದರ್ಶಕದ ಕಣ್ಣಿಗೆ ಹಿಡಿದು ಚಿತ್ರೀಕರಿಸಿದವರೂ ಇದ್ದರು. ಡಚ್ ಹವ್ಯಾಸಿ ಕಾರ್ ಬೆರೆವೂಟ್ಸ್ 'ರೆಜಿಸ್ಟಾಕ್ಸ್' ಎಂಬ ತಂತ್ರಾಂಶವನ್ನು ಬರೆದು ಎಲ್ಲರಿಗೂ ಉಚಿತವಾಗಿ ಹಂಚಿದರು. ಅನಂತರ ಬಂದ 'ಆಟೋಸ್ಟಾಕರ್ಟ್' ಕೂಡ ಉಚಿತವೇ. ಈ ತಂತ್ರಾಂಶಗಳು ಸಾವಿರಾರು ಫ್ರೇಮುಗಳನ್ನು ಪರೀಕ್ಷಿಸಿ, ಸ್ಫುಟವಾದವನ್ನು ಆಯ್ದು, ಒಂದರ ಮೇಲೊಂದು ಸರಿಯಾಗಿ ಕೂರುವಂತೆ ಜೋಡಿಸಿ, ಸರಾಸರಿ ತೆಗೆಯುತ್ತವೆ.

ಸರಾಸರಿಯ ಮಹಿಮೆಯನ್ನು ನಿಮಗೆ ನಾನು ಹೊಸದಾಗಿ ಹೇಳಬೇಕಾಗಿಲ್ಲ. ಲೋಲಕದ ಒಂದು ಆಂದೋಲನವನ್ನು ಅಳೆಯದೆ ಇಪ್ಪತ್ತನ್ನು ಅಳೆದು ಭಾಗಿಸಿ ಎಂದು ಎಷ್ಟು ಸಲ ಹೇಳಿಲ್ಲ! ಒಂದೇ ಫ್ರೇಮಿನಲ್ಲಿ ಮರಳು ಎರಚಿದಂತಹ ಕಲೆಗಳಿರುತ್ತವೆ. ಅವು ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತವೆ. ಕುಳಿಗಳು ಮಾತ್ರ ಬದಲಾಗುವುದಿಲ್ಲ. ನೂರು ಫ್ರೇಮುಗಳ ಸರಾಸರಿ ತೆಗೆದರೆ ಆ ಕಲೆಗಳು ನೂರರ ವರ್ಗಮೂಲದಷ್ಟು, ಅಂದರೆ ಹತ್ತು ಪಟ್ಟು, ತಗ್ಗುತ್ತವೆ. ಸೆಕೆಂಡಿಗೆ 30ರಂತೆ ಒಂದು ನಿಮಿಷ ಚಿತ್ರೀಕರಿಸಿದರೆ 1,800 ಫ್ರೇಮುಗಳು. ಅವುಗಳಲ್ಲಿ ಉತ್ತಮವಾದ ಶೇಕಡಾ ಹತ್ತನ್ನು ಆಯ್ದರೂ 180 ಉಳಿಯುತ್ತವೆ, ಕಲೆಗಳು ಹದಿಮೂರು ಪಟ್ಟು ತಗ್ಗುತ್ತವೆ. ಪ್ಲೇಟೋದ ನೆಲದ ಮೇಲಿನ ಆ ಸಾಸಿವೆ ಕಾಳುಗಳು ಈಗ ಮಾಯವಾಗದೆ ನಿಲ್ಲುತ್ತವೆ, ಎಣಿಸಲು ಸಿಗುತ್ತವೆ.

ಇಲ್ಲೊಂದು ಆಕ್ಷೇಪವನ್ನು ಎತ್ತಬಹುದು. ನಾನೇ ವಿದ್ಯಾರ್ಥಿಯಾಗಿದ್ದರೆ ಎತ್ತುತ್ತಿದ್ದೆ. "ಸರ್, ನೀವೂ ತಂತ್ರಾಂಶದಿಂದಲೇ ಚಿತ್ರ ಮಾಡುತ್ತೀರಿ, ಮೊಬೈಲೂ ತಂತ್ರಾಂಶದಿಂದಲೇ ಮಾಡುತ್ತದೆ. ಭೇದವೇನು?" ಭೇದ ಬಹಳವಿದೆ. ಆಯ್ಕೆ ಮತ್ತು ಸರಾಸರಿಗಳಲ್ಲಿ ಹೊರಗಿನಿಂದ ಏನೂ ಸೇರುವುದಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವುದು ಬೇರೆ, ಪಕ್ಕದ ಮನೆಯ ಅಕ್ಕಿ ತಂದು ಸುರಿಯುವುದು ಬೇರೆ. ಮಸುಕು ಚಿತ್ರದ ಸಾವಿರ ಫ್ರೇಮುಗಳನ್ನು ರೆಜಿಸ್ಟಾಕ್ಸಿಗೆ ಕೊಟ್ಟರೆ ಅದು ಮಸುಕು ಚಿತ್ರವನ್ನೇ ಹಿಂದಿರುಗಿಸುತ್ತದೆ. ಕುಳಿಗಳನ್ನು ದಾನ ಮಾಡುವುದಿಲ್ಲ. ಆದರೂ ಎಚ್ಚರಿಕೆಯ ಮಾತೊಂದಿದೆ. ಸರಾಸರಿ ತೆಗೆದ ಚಿತ್ರವನ್ನು ಕೊನೆಯಲ್ಲಿ ಹರಿತಗೊಳಿಸುವ ಹಂತವೊಂದು ಬರುತ್ತದೆ. ಅಲ್ಲಿ ಆಸೆಬುರುಕರಾಗಿ ಮಿತಿಮೀರಿದರೆ ಕುಳಿಗಳ ಸುತ್ತ ಇಲ್ಲದ ಬಿಳಿಯ ಅಂಚುಗಳೂ ಸುಳ್ಳು ಗೆರೆಗಳೂ ಹುಟ್ಟಿಕೊಳ್ಳುತ್ತವೆ. ಆದ್ದರಿಂದ ಮೂಲ ವಿಡಿಯೋವನ್ನು ಅಳಿಸದೆ ಕಾಪಾಡಬೇಕು. ದಿನಾಂಕ, ವೇಳೆ, ಸ್ಥಳ, ಉಪಕರಣ, ಎಷ್ಟು ಫ್ರೇಮುಗಳಲ್ಲಿ ಎಷ್ಟನ್ನು ಆಯ್ದದ್ದು ಎಂಬುದನ್ನು ಬರೆದಿಡಬೇಕು. ಅನುಮಾನ ಬಂದವರು ಮತ್ತೆ ಮೊದಲಿನಿಂದ ಮಾಡಿ ನೋಡುವಂತಿರಬೇಕು. ವಿಜ್ಞಾನವೆಂದರೆ ಇದೇ ತಾನೇ?

ಇನ್ನೊಂದು ಭೇದ ಇದಕ್ಕಿಂತ ದೊಡ್ಡದು. ನೆನಪಿನಿಂದ ಚಂದ್ರನನ್ನು ಚಿತ್ರಿಸುವ ಯಂತ್ರ ತನಗೆ ಈಗಾಗಲೇ ಗೊತ್ತಿರುವ ಚಂದ್ರನನ್ನು ಮಾತ್ರ ತೋರಿಸಬಲ್ಲದು. ಚಂದ್ರನಲ್ಲಿ ಇಂದು ರಾತ್ರಿ ಹೊಸದೇನಾದರೂ ಘಟಿಸಿದರೆ?

ಘಟಿಸುತ್ತದೆ ಎನ್ನುವುದೇ ಸೋಜಿಗ. 1999ರ ನವೆಂಬರ್ 18ರಂದು ಸಿಂಹರಾಶಿಯ ಉಲ್ಕಾವೃಷ್ಟಿಯ ಸಮಯದಲ್ಲಿ ಅಮೆರಿಕದ ಹವ್ಯಾಸಿಗಳು ಚಂದ್ರನ ಕತ್ತಲೆಯ ಭಾಗದತ್ತ ದೂರದರ್ಶಕ ತಿರುಗಿಸಿದ್ದರು. ಬ್ರಯಾನ್ ಕಡ್ನಿಕ್ ಎಂಬಾತ ಕಣ್ಣಿನಿಂದ ಒಂದು ಮಿಂಚನ್ನು ಕಂಡ. ಡೇವಿಡ್ ಡನ್‌ಹ್ಯಾಮ್ ಬೇರೊಂದು ಸ್ಥಳದಿಂದ ತೆಗೆದ ವಿಡಿಯೋದಲ್ಲಿ ಅದೇ ಕ್ಷಣಕ್ಕೆ ಅದೇ ಮಿಂಚು ದಾಖಲಾಗಿತ್ತು. ಅಂತರಿಕ್ಷದ ಕಲ್ಲೊಂದು ಚಂದ್ರನಿಗೆ ಬಡಿದಾಗ ಹೊರಟ ಬೆಳಕು ಅದು. ಕಣ್ಣಿನ ಸಾಕ್ಷ್ಯವೊಂದೇ ಇದ್ದಿದ್ದರೆ ಭ್ರಮೆಯೆಂದು ತಳ್ಳಿಹಾಕಬಹುದಿತ್ತು. 2013ರ ಮಾರ್ಚ್ 17ರಂದು ಸುಮಾರು 40 ಕಿಲೋಗ್ರಾಂ ತೂಕದ ಕಲ್ಲೊಂದು ಮಾರೆ ಇಂಬ್ರಿಯಂ ಬಯಲಿಗೆ ಬಡಿದದ್ದನ್ನು ನಾಸಾದ ದೂರದರ್ಶಕಗಳ ವಿಡಿಯೋ ಕ್ಯಾಮೆರಾಗಳು ಹಿಡಿದವು; ಚಂದ್ರನನ್ನು ಸುತ್ತುತ್ತಿರುವ ನೌಕೆ ಆಮೇಲೆ ಅಲ್ಲಿ 18 ಮೀಟರ್ ಅಗಲದ ಹೊಚ್ಚಹೊಸ ಕುಳಿಯನ್ನು ಪತ್ತೆಹಚ್ಚಿತು. 2019ರ ಜನವರಿ 21ರ ಪೂರ್ಣ ಚಂದ್ರಗ್ರಹಣದ ವೇಳೆ ಹೊಳೆದ ಇಂತಹುದೇ ಮಿಂಚನ್ನು ನೇರಪ್ರಸಾರ ನೋಡುತ್ತಿದ್ದ ಸಾಮಾನ್ಯ ಜನರೇ ಗುರುತಿಸಿದರು. ಚಂದ್ರ ಹೇಗಿರಬೇಕೆಂದು ಮೊದಲೇ ತಿಳಿದಿರುವ ಯಂತ್ರಕ್ಕೆ ಆ ಮಿಂಚು ಒಂದು ಕಲೆ, ಒರೆಸಿಹಾಕಬೇಕಾದ ದೋಷ. ಚಂದ್ರನಿಂದ ಬಂದದ್ದನ್ನು ಬಂದಂತೆ ದಾಖಲಿಸುವ ವಿಡಿಯೋಗೆ ಅದೊಂದು ಸುದ್ದಿ.

ನಮ್ಮ ಪುರಾಣಗಳಲ್ಲಿ ದಕ್ಷನ ಇಪ್ಪತ್ತೇಳು ಹೆಣ್ಣುಮಕ್ಕಳ ಪೈಕಿ ರೋಹಿಣಿಯೇ ಚಂದ್ರನಿಗೆ ಅತಿ ಪ್ರಿಯಳು. ಆಕಾಶದಲ್ಲಿಯೂ ಚಂದ್ರ ಕೆಲವು ವರ್ಷಗಳ ಕಾಲ ರೋಹಿಣಿಯನ್ನು ತಿಂಗಳು ತಿಂಗಳೂ ಮರೆಮಾಡುತ್ತಾನೆ, ಆಮೇಲೆ ಹಲವು ವರ್ಷ ದೂರವಾಗುತ್ತಾನೆ. 2015ರಿಂದ 2018ರವರೆಗೆ ಅಂತಹ ಸರಣಿಯೊಂದು ನಡೆಯಿತು, ಮುಂದಿನದು 2033ರಲ್ಲಿ. 2023ರಲ್ಲಿ ಆರಂಭವಾದ ಕೃತ್ತಿಕೆಯ ಸರಣಿ 2029ರವರೆಗೆ ಸಾಗುತ್ತದೆ. ಭೂಮಿಯ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ತಿಂಗಳು ಕಾಣುವ ದೃಶ್ಯವಿದು. ಚಂದ್ರನ ಅಂಚು ಮುಟ್ಟಿದೊಡನೆ ನಕ್ಷತ್ರ ದೀಪ ಆರಿಸಿದಂತೆ ಇಲ್ಲವಾಗುತ್ತದೆ. ಮೆಲ್ಲನೆ ಮಂಕಾಗುವುದಿಲ್ಲ, ಏಕೆಂದರೆ ಅಲ್ಲಿ ಮಂಕಾಗಿಸುವ ಗಾಳಿಯಿಲ್ಲ. ವಿಡಿಯೋವನ್ನು ಫ್ರೇಮು ಫ್ರೇಮಾಗಿ ನೋಡಿದರೆ, ಈ ಫ್ರೇಮಿನಲ್ಲಿ ಇದ್ದ ನಕ್ಷತ್ರ ಮುಂದಿನ ಒಂದೆರಡು ಫ್ರೇಮುಗಳಲ್ಲಿ ಇಲ್ಲ. "ಚಂದ್ರನಿಗೆ ವಾಯುಮಂಡಲವಿಲ್ಲ" ಎಂದು ಹತ್ತು ಸಲ ಕಂಠಪಾಠ ಮಾಡಿಸುವುದಕ್ಕಿಂತ ಆ ಎರಡು ಫ್ರೇಮುಗಳನ್ನು ಒಮ್ಮೆ ತೋರಿಸುವುದು ಮೇಲು.

ಅಷ್ಟು ಅಪರೂಪದ್ದೇ ಬೇಕೆಂದಿಲ್ಲ. ಚಂದ್ರನ ಮೇಲೆ ಹಗಲು ಇರುಳುಗಳ ಗಡಿ ಅವನ ಸಮಭಾಜಕದಲ್ಲಿ ಗಂಟೆಗೆ ಸುಮಾರು 15 ಕಿಲೋಮೀಟರ್ ವೇಗದಲ್ಲಿ ಸರಿಯುತ್ತದೆ, ನಮ್ಮೂರ ಹಾಲಿನವನ ಸೈಕಲ್ಲಿನ ವೇಗದಲ್ಲಿ. ಸಂಜೆ ಏಳಕ್ಕೊಂದು, ಎಂಟಕ್ಕೊಂದು, ಒಂಬತ್ತಕ್ಕೊಂದು ವಿಡಿಯೋ ತೆಗೆದು ಹೋಲಿಸಿ ನೋಡಿ. ಕತ್ತಲೆಯೊಳಗೆ ಒಂಟಿ ಚುಕ್ಕೆಯಾಗಿ ಹೊಳೆಯುತ್ತಿದ್ದ ಪರ್ವತಶಿಖರ ಕ್ರಮೇಣ ಹಿಗ್ಗಿ ಬೆಳಕಿನ ನೆಲದೊಡನೆ ಕೂಡಿಕೊಳ್ಳುವುದು ಕಾಣುತ್ತದೆ. ಗೆಲಿಲಿಯೋ ಇಂತಹ ಶಿಖರಗಳಿಂದಲೇ ಚಂದ್ರನ ಪರ್ವತಗಳ ಎತ್ತರವನ್ನು ಲೆಕ್ಕಹಾಕಿ 1610ರಲ್ಲಿ ಪ್ರಕಟಿಸಿದ. ಅವನ ಲೆಕ್ಕಕ್ಕೆ ಬೇಕಾದದ್ದು ಪೈಥಾಗೊರಸನ ಪ್ರಮೇಯ ಮಾತ್ರ. ನಮ್ಮ ಹತ್ತನೆಯ ತರಗತಿಯ ಮಕ್ಕಳಿಗೆ ಅದು ಗೊತ್ತಿದೆ.

ಇದೆಲ್ಲ ಚಂದ್ರಯಾನದ ಕಾಲದಲ್ಲಿ ಏಕೆ ಎಂದು ಕೇಳುವವರೂ ಇರಬಹುದು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದಾಗ ನಾವೆಲ್ಲ ಪರದೆಯ ಮುಂದೆ ಉಸಿರು ಬಿಗಿಹಿಡಿದು ಕುಳಿತಿದ್ದೆವು. ಆ ಹೊತ್ತು ಪರದೆಯ ಮೇಲೆ ಕಂಡದ್ದು ಬಹುಮಟ್ಟಿಗೆ ಅಂಕಿಗಳು, ರೇಖೆಗಳು, ಕಂಪ್ಯೂಟರ್ ರಚಿಸಿದ ಚಿತ್ರಿಕೆಗಳು. ಅನಂತರ ಇಸ್ರೋ ಬಿಡುಗಡೆ ಮಾಡಿದ, ಇಳಿಯುವ ನೌಕೆಯ ಕ್ಯಾಮೆರಾ ತೆಗೆದ ಕಪ್ಪುಬಿಳುಪಿನ ವಿಡಿಯೋದಲ್ಲಿ ಕುಳಿಗಳು ನಿಜವಾಗಿ ಹತ್ತಿರ ಬರುತ್ತಿದ್ದವು. ಅಂದವೆಂದು ಕೇಳಿದರೆ ಚಿತ್ರಿಕೆಯೇ ಅಂದ. ಆದರೆ ಮೈ ನವಿರೇಳಿಸಿದ್ದು ಯಾವುದು? ನಿಮ್ಮ ಉತ್ತರವನ್ನು ನಾನು ಬಲ್ಲೆ.

ಈಗ ಶಾಲೆಯ ಮಾತಿಗೆ ಬರುತ್ತೇನೆ. ಆಕಾಶವೀಕ್ಷಣೆಯ ಕಾರ್ಯಕ್ರಮವೆಂದರೆ ಒಂದು ದೂರದರ್ಶಕ, ಐವತ್ತು ಮಕ್ಕಳ ಸಾಲು, ತಲೆಗೊಂದು ಅರ್ಧ ನಿಮಿಷ. ಭೂಮಿ ತಿರುಗುತ್ತಿರುವುದರಿಂದ ಚಂದ್ರ ಎರಡು ನಿಮಿಷದಲ್ಲಿ ತನ್ನ ಅಗಲದಷ್ಟು ಸರಿದುಹೋಗುತ್ತಾನೆ. ಮತ್ತೆ ಮತ್ತೆ ತಿರುಗಿಸಿ ಹಿಡಿಯಬೇಕು. ಮಗುವಿನ ಕಣ್ಣು ಸರಿಯಾದ ಜಾಗದಲ್ಲಿದೆಯೋ ಇಲ್ಲವೋ ಮೇಷ್ಟ್ರಿಗೆ ತಿಳಿಯದು. ಹಿಂದೆ ನಿಂತವರು ದೂಡುತ್ತಿರುತ್ತಾರೆ. ಏನೂ ಕಾಣದಿದ್ದರೂ "ಕಂಡಿತು ಸಾರ್" ಎಂದು ಹೇಳಿ ಓಡಿಹೋಗುವ ಮಕ್ಕಳು ಪ್ರತಿ ಸಾಲಿನಲ್ಲಿಯೂ ಇರುತ್ತಾರೆ. ಇದು ಮಕ್ಕಳ ತಪ್ಪಲ್ಲ. ದೂರದರ್ಶಕಕ್ಕೆ ವಿಡಿಯೋ ಕ್ಯಾಮೆರಾ ಜೋಡಿಸಿ ಬಿಂಬವನ್ನು ಗೋಡೆಯ ಮೇಲೆ ಬೀಳಿಸಿದರೆ ಐವತ್ತು ಮಕ್ಕಳೂ ಒಂದೇ ಕಾಲಕ್ಕೆ ಒಂದೇ ಕುಳಿಯನ್ನು ನೋಡುತ್ತಾರೆ. ಮೇಷ್ಟ್ರು ಕೋಲು ಹಿಡಿದು "ಇದು ಕೊಪರ್ನಿಕಸ್, ಅಗಲ 93 ಕಿಲೋಮೀಟರ್, ಅದರ ನಡುವೆ ಇರುವ ಬೆಟ್ಟ ನೋಡಿ" ಎನ್ನಬಹುದು. "ಏಕೆ ನಡುಗುತ್ತಿದೆ ಸಾರ್?" ಎಂದು ಒಬ್ಬನಾದರೂ ಕೇಳಿಯೇ ಕೇಳುತ್ತಾನೆ. ಪಾಠ ಅಲ್ಲಿಂದ ಆರಂಭವಾಗುತ್ತದೆ.

ಹಾಗೆಂದು ಕಣ್ಣಿನಿಂದ ನೋಡುವುದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಗೋಡೆಯ ಮೇಲಿನ ಚಂದ್ರ ತರಗತಿಗೆ ಸೇರಿದವನು. ಕಣ್ಣಿನೊಳಗಿಳಿದ ಚಂದ್ರ ಆ ಮಗುವಿಗೆ ಮಾತ್ರ ಸೇರಿದವನು. ಮೊದಲು ಗೋಡೆಯ ಮೇಲೆ ತೋರಿಸಿ, ಏನನ್ನು ನೋಡಬೇಕೆಂಬುದು ತಿಳಿದ ಮೇಲೆ ಒಬ್ಬೊಬ್ಬರಿಗೂ ಕಣ್ಣಿಡಲು ಅವಕಾಶ ಕೊಟ್ಟರೆ "ಕಂಡಿತು ಸಾರ್" ಎಂಬ ಮಾತು ಸತ್ಯವಾಗುತ್ತದೆ.

ಮಾಡಿ ನೋಡಬೇಕೆನ್ನುವವರಿಗೆ ನಾಲ್ಕು ಮಾತು. ಹುಣ್ಣಿಮೆಯ ದಿನವನ್ನು ಆರಿಸಿಕೊಳ್ಳಬೇಡಿ. ಅಂದು ನೆರಳುಗಳಿಲ್ಲದೆ ಚಂದ್ರ ಚಪ್ಪಟೆಯಾಗಿರುತ್ತಾನೆ. ಶುಕ್ಲ ಪಕ್ಷದ ಪಂಚಮಿಯಿಂದ ದಶಮಿಯವರೆಗಿನ ಸಂಜೆಗಳು ಉತ್ತಮ. ನಮ್ಮ ಕಡೆ ಮಳೆಗಾಲ ಕಳೆದು ದೀಪಾವಳಿಯಿಂದ ಶಿವರಾತ್ರಿಯವರೆಗೆ ಆಕಾಶ ಅನುಕೂಲಕರವಾಗಿರುತ್ತದೆ. ಬಿಸಿಲಿಗೆ ಕಾದ ಮಹಡಿಗಿಂತ ಹುಲ್ಲಿನ ಅಂಗಳ ಲೇಸು, ಕಾದ ಕಾಂಕ್ರೀಟಿನಿಂದ ಏಳುವ ಗಾಳಿ ಬಿಂಬವನ್ನು ಕುಣಿಸುತ್ತದೆ. ದೂರದರ್ಶಕವನ್ನು ಅರ್ಧ ಗಂಟೆ ಮೊದಲೇ ಹೊರಗಿಟ್ಟು ತಣಿಯಲು ಬಿಡಿ.

ಕ್ಯಾಮೆರಾಕ್ಕೆ ಹಣ ಸುರಿಯಬೇಕಾಗಿಲ್ಲ. ಮಸೂರವಿಲ್ಲದ ಕ್ಯಾಮೆರಾವನ್ನು ನೇರವಾಗಿ ಕೂರಿಸಿದರೆ, ಒಂದು ಮೀಟರ್ ಸಂಗಮದೂರದ ದೂರದರ್ಶಕ ಸುಮಾರು 9 ಮಿಲಿಮೀಟರ್ ಅಗಲದ ಚಂದ್ರನನ್ನು ಅದರೊಳಗೆ ಮೂಡಿಸುತ್ತದೆ. ಅದಿಲ್ಲದಿದ್ದರೆ ಮೊಬೈಲನ್ನೇ ಐಪೀಸಿಗೆ, ಅಂದರೆ ಕಣ್ಣಿಡುವ ಮಸೂರಕ್ಕೆ, ಹಿಡಿಕೆಯೊಂದರಿಂದ ಬಿಗಿಯಿರಿ. ಮೊಬೈಲನ್ನು ವಿಡಿಯೋ ಸ್ಥಿತಿಯಲ್ಲಿಡಿ, ದೃಶ್ಯವನ್ನು ತಾನಾಗಿ ಸುಂದರಗೊಳಿಸುವ ಸೌಲಭ್ಯವನ್ನು ಆರಿಸಿಡಿ. ಚಂದ್ರನೆಂದರೆ ಬಿಸಿಲಿನಲ್ಲಿರುವ ಕಲ್ಲುನೆಲ; ಆದ್ದರಿಂದ ಬೆಳಕಿನ ಪ್ರಮಾಣವನ್ನು ಕೈಯಿಂದ ತಗ್ಗಿಸಿ ಸ್ಥಿರಪಡಿಸಿ, ಇಲ್ಲವಾದರೆ ಸುಣ್ಣ ಬಳಿದ ತಟ್ಟೆ ದೊರೆಯುತ್ತದೆ. ಚಂದ್ರನನ್ನು ಹಿಂಬಾಲಿಸುವ ಮೋಟಾರು ಇಲ್ಲದಿದ್ದರೂ ಚಿಂತೆಯಿಲ್ಲ. ಅವನು ಸರಿಯುತ್ತ ಹೋಗಲಿ, ಜೋಡಿಸುವ ಕೆಲಸ ತಂತ್ರಾಂಶದ್ದು. ಒಂದು ಮಾತನ್ನು ಮಾತ್ರ ಮರೆಯಲೇಬಾರದು: ಹಗಲಿನಲ್ಲಿ ಈ ಸಾಧನವನ್ನು ಸೂರ್ಯನತ್ತ ತಿರುಗಿಸಕೂಡದು. ತಕ್ಕ ಸೌರಶೋಧಕವಿಲ್ಲದೆ ಇಣುಕಿದರೆ ಕ್ಷಣಮಾತ್ರದಲ್ಲಿ ಕಣ್ಣು ಹೋಗುತ್ತದೆ.

ಇನ್ನು, ಏನನ್ನು ಹುಡುಕಬೇಕು? ಚಂದ್ರನ ಮೇಲೆ ಭಾರತೀಯರ ಹೆಸರಿನ ಕುಳಿಗಳಿರುವುದನ್ನು ನೀವು ಕೇಳಿದ್ದೀರಿ. ಭಾಭಾ, ಬೋಸ್, ಸಾಹಾ, ಮಿತ್ರಾ ಕುಳಿಗಳು ನಮಗೆ ಕಾಣದ ಹಿಂಬದಿಯಲ್ಲಿವೆ. ಆದರೆ ಮೂವರು ನಮ್ಮ ಕಡೆಗೇ ಮುಖ ಮಾಡಿದ್ದಾರೆ. ಪಂಚಮಿ ಷಷ್ಠಿಗಳಲ್ಲಿ ಮಾರೆ ಟ್ರಾಂಕ್ವಿಲಿಟಾಟಿಸ್ ಬಯಲಿನಲ್ಲಿ ಆರ್ಯಭಟ: ಲಾವಾ ತುಂಬಿ ಅರೆಮುಳುಗಿದ, ಸುಮಾರು 22 ಕಿಲೋಮೀಟರಿನ ಕುಳಿ. ಷಷ್ಠಿ ಸಪ್ತಮಿಗಳಲ್ಲಿ ಮಾರೆ ಸೆರೆನಿಟಾಟಿಸ್ ಬಯಲಿನಲ್ಲಿ, 16 ಕಿಲೋಮೀಟರಿನ ಬೆಸೆಲ್ ಕುಳಿಯ ಈಶಾನ್ಯಕ್ಕೆ, ಸಾರಾಭಾಯಿ: ಅಗಲ ಕೇವಲ 8 ಕಿಲೋಮೀಟರ್, ನಮ್ಮ ಕಣ್ಣಿಗೆ ನಾಲ್ಕು ವಿಕಲೆ. 1973ರಲ್ಲಿ ಆ ಹೆಸರು ಬಂದಿತು. ತ್ರಯೋದಶಿಯ ಹೊತ್ತಿಗೆ ಪಶ್ಚಿಮದಲ್ಲಿ ಬೆಳಕಿಗೆ ಬರುವವರು ರಾಮನ್, ಬೆಂಗಳೂರಿನ ನಮ್ಮ ಸಿ.ವಿ. ರಾಮನ್ನರೇ, ಅಗಲ ಸುಮಾರು 10 ಕಿಲೋಮೀಟರ್. ಪಂಚಾಂಗದ ಒಂದು ತಿಥಿಯೆಂದರೆ ಸೂರ್ಯ ಚಂದ್ರರ ನಡುವಿನ ಅಂತರ 12 ಡಿಗ್ರಿ ಹೆಚ್ಚುವುದು. ಚಂದ್ರನ ಮೇಲೆ ಬೆಳಕಿನ ಗಡಿಯೂ ಅಷ್ಟೇ ಸರಿಯುತ್ತದೆ. ಮನೆಯ ಗೋಡೆಗೆ ನೇತುಹಾಕಿದ ಪಂಚಾಂಗವೇ ನಿಮ್ಮ ವೇಳಾಪಟ್ಟಿ.

ನಿಮ್ಮಲ್ಲಿ ಹಲವರು ಓದಿದ ಶಾಲೆಗೆ ಏನಾದರೂ ಕೊಡಬೇಕೆಂದು ಆಗಾಗ ಕೇಳುತ್ತಿರುತ್ತೀರಿ. ಬೀರುವಿನಲ್ಲಿ ಬೀಗ ಹಾಕಿಡುವ ದೊಡ್ಡ ಉಪಕರಣ ಬೇಡ. ಒಂದು ಸಾಧಾರಣ ಮೊಬೈಲಿನ ಬೆಲೆಗೆ ಸಿಗುವ ಸಣ್ಣ ದೂರದರ್ಶಕ, ಅದಕ್ಕೊಂದು ಕ್ಯಾಮೆರಾ ಹಿಡಿಕೆ, ಇವೆರಡರ ಜೊತೆಗೆ ನಿಮ್ಮ ಎರಡು ಸಂಜೆಗಳನ್ನು ಕೊಡಿ. ಮೊದಲ ಸಂಜೆ ನೀವು ಮಾಡಿ ತೋರಿಸಿ, ಎರಡನೆಯ ಸಂಜೆ ಮಕ್ಕಳೇ ಮಾಡಲಿ. ಅವರ ಚಿತ್ರ ಮಸುಕಾಗಿರಬಹುದು, ನಡುಗಬಹುದು. ಸಾರಾಭಾಯಿ ಕುಳಿ ಒಂದು ಚುಕ್ಕೆಯಷ್ಟೇ ಆಗಿ ಮೂಡಬಹುದು. ಆ ಚುಕ್ಕೆಯನ್ನು ಅಲ್ಲಿಟ್ಟವನು ಮಾತ್ರ ಚಂದ್ರನೇ.